ಎರಿ ಹೊಲದಾಗಿನ ಕಾಳಗ: ವೀರಗಲ್ಲು, ಅಗಸಿ, ಗೋರಿ ನೋಡೋರಿಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಕಾಳಗ ನಡೆದ ಜಾಗಕ್ಕೆ ಬೇಲಿಯಿಲ್ಲ, ಟಿಕೆಟ್ಟಿಲ್ಲ, ಬಹಳ ಕಡೆ ಫಲಕವೂ ಇಲ್ಲ. ಇವತ್ತು ಕಡಲೆ, ಜೋಳ, ಹತ್ತಿ ನಿಂತಿರುವ ಹೊಲವೇ ಅಂದಿನ ರಣಭೂಮಿ. ಹಾಗಾಗಿ ಬಂದವರು ಕೋಟೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಕಾಳಗವನ್ನೇ ನೋಡದೆ ಹೋಗುತ್ತಾರೆ. ಕೋಟೆ ಎಂದರೆ ಒಳಗಿದ್ದವರ ಕಡೆಯ ಅರ್ಧ ಕಥೆ. ಉಳಿದರ್ಧ ತಿಳಿಯಬೇಕೆಂದರೆ ಹೊರಗಿನಿಂದ ಬಂದವರು ಎಲ್ಲಿ ನಿಂತರು, ನೀರು ಎಲ್ಲಿ ಕುಡಿದರು, ಯಾವ ತಿಂಗಳಲ್ಲಿ ಬಂದರು ಎಂದು ಕೇಳಿಕೊಂಡು ಬಯಲಿಗೆ ಇಳಿಯಬೇಕು.

ತಿಂಗಳಿನಿಂದಲೇ ಶುರು ಮಾಡೋಣ. ನಮ್ಮ ಬೆಳವಲ ಸೀಮೆಯ ಎರಿ, ಅಂದರೆ ಕಪ್ಪು ಮಣ್ಣು, ಮಳೆ ಬಿದ್ದರೆ ಅಂಟು, ಒಣಗಿದರೆ ಕಲ್ಲು. ಹಸಿ ಎರಿಯಲ್ಲಿ ತೋಪಿನ ಗಾಡಿ ಎಳೆಯಲು ಆಗದು. ಅದಕ್ಕೇ ಹಿಂದಿನವರು ಮಳೆಗಾಲ ಮುಗಿಯುವ ಹೊತ್ತಿಗೆ ದಂಡು ಹೊರಡಿಸುತ್ತಿದ್ದರು; ದಸರೆಯ ಸೀಮೋಲ್ಲಂಘನದ ಹಿಂದೆ ಈ ಲೆಕ್ಕವೂ ಇದೆ. ಧಾರವಾಡದ ಮುತ್ತಿಗೆ ನಡೆದದ್ದು 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್ ತನಕ. ಕಿತ್ತೂರಿನ ಎರಡು ಕಾಳಗಗಳು 1824ರ ಅಕ್ಟೋಬರ್ ಮತ್ತು ಡಿಸೆಂಬರಿನ ನಡುವೆ ಮುಗಿದವು. ದಂಡಿಗೆ ಒಗ್ಗಿದ ಪಂಚಾಂಗವೇ ನಿಮಗೂ ಒಗ್ಗುತ್ತದೆ. ಜೂನ್‌ನಿಂದ ಅಕ್ಟೋಬರ್ ತನಕ ಬೈಕನ್ನು ಎರಿ ದಾರಿಗೆ ಇಳಿಸಬೇಡಿ. ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗುವುದೇ ನಿಂತುಬಿಡುತ್ತದೆ, ಕಡ್ಡಿಯಿಂದ ಕೆದರಿ ತೆಗೆದರೆ ಹತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ಅದೇ. ಡಾಂಬರು ಮುಗಿದಲ್ಲಿ ಗಾಡಿ ನಿಲ್ಲಿಸಿ ನಡೆಯಿರಿ. ನವೆಂಬರಿನಿಂದ ಜನವರಿ ತನಕ ಹಿಂಗಾರಿ ಬೆಳೆ ನಿಂತಿರುತ್ತದೆ, ಬದುವಿನ ಮೇಲೆ ಮಾತ್ರ ಹೆಜ್ಜೆ ಇಡಿ. ಬೆಳೆ ಕಿತ್ತ ಮೇಲೆ, ಫೆಬ್ರುವರಿಯಿಂದ ಮಾರ್ಚ್ ಮೊದಲ ವಾರದ ತನಕ, ಹೊಲ ಖಾಲಿ, ನೋಟ ದೂರ ಹರಿಯುತ್ತದೆ. ಆಗ ಎರಿ ಬಿರುಕು ಬಿಟ್ಟಿರುತ್ತದೆ, ಕಾಲು ಸಿಕ್ಕರೆ ಕಾಲ್ಗಂಟು ಉಳುಕುವುದು ಖಂಡಿತ. ಕಾಲ್ಗಂಟು ಮುಚ್ಚುವ ಬೂಟು ಇರಲಿ.

ಇನ್ನು ವೀರಗಲ್ಲು, ಅಂದರೆ ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಬೇರೆ ದೇಶಗಳಲ್ಲಿ ಸೈನಿಕರ ಸಮಾಧಿ ನೋಡಲು ಸಾಲು ಸಾಲು ಬಿಳಿ ಕಲ್ಲುಗಳಿರುವ ಒಂದೇ ಜಾಗಕ್ಕೆ ಹೋಗುತ್ತಾರೆ. ನಮ್ಮಲ್ಲಿ ಆ ಸಮಾಧಿ ಊರೂರಿಗೆ ಹರಡಿಕೊಂಡಿದೆ: ಗುಡಿಯ ಪೌಳಿ, ಕೆರೆಯ ಏರಿ, ಅಗಸಿಯ (ಊರ ಹೆಬ್ಬಾಗಿಲಿನ) ಪಕ್ಕ, ಬಸ್‌ಸ್ಟ್ಯಾಂಡಿನ ಹಿಂದೆ. ಹಳ್ಳಿಯಲ್ಲಿ "ವೀರಗಲ್ಲು ಎಲ್ಲಿದೆ?" ಎಂದು ಕೇಳಿದರೆ ಎಷ್ಟೋ ಸಲ ಉತ್ತರ ಸಿಗದು. "ಕುದುರಿ ಕೆತ್ತಿದ ಕಲ್ಲು, ಕತ್ತಿ ಹಿಡದ ಕಲ್ಲು ಎಲ್ಲೈತ್ರಿ ಯಜ್ಜಾ?" ಎಂದು ಕೇಳಿ. ಕಟ್ಟೆಯ ಮೇಲೆ ಕೂತ ಹಿರಿಯರು ಎದ್ದು ಬಂದು ತೋರಿಸುತ್ತಾರೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂತಸ್ತು. ತಳದ್ದರಲ್ಲಿ ಕಾಳಗ: ಸತ್ತವನನ್ನು ಉಳಿದವರಿಗಿಂತ ದೊಡ್ಡದಾಗಿ ಕೆತ್ತಿರುತ್ತಾರೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ಪಕ್ಕದಲ್ಲಿ ಪೂಜೆ ಮಾಡುವವನು, ನಂದಿ. ತುದಿಯಲ್ಲಿ ಸೂರ್ಯ, ಚಂದ್ರ. ಲಿಂಗದ ಬದಲು ಜಿನಬಿಂಬವಿದ್ದರೆ ಅವನು ಜೈನ. ನಾಲ್ಕು, ಐದು ಅಂತಸ್ತಿನವೂ ಉಂಟು. ನೋಡುವವರು ಹೆಚ್ಚು ಹೊತ್ತು ಅಪ್ಸರೆಯರ ಮುಂದೆ ನಿಲ್ಲುತ್ತಾರೆ, ಆದರೆ ಕಥೆಯಿರುವುದು ತಳದಲ್ಲಿ. ಅಲ್ಲಿ ದನಗಳ ಸಾಲಿದ್ದರೆ ಅದು ತುರುಗೋಳ್, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಜತೆಗಿನ ಜಗಳ. ಹೆಂಗಸರ ಮೇಲೆ ಕೈಮಾಡಿದವರನ್ನು ತಡೆಯಲು ಹೋಗಿ ಸತ್ತದ್ದಾದರೆ ಶಾಸನದಲ್ಲಿ ಪೆಣ್ಬುಯ್ಯಲ್ ಎಂಬ ಮಾತು ಬರುತ್ತದೆ. ಊರೇ ಹಾಳಾದ ಸಂದರ್ಭವಾದರೆ ಊರಳಿವು. ಹಂದಿಯೋ ಹುಲಿಯೋ ಇದ್ದರೆ ಬೇಟೆ. ಕುದುರೆ, ಆನೆ, ತಲೆಯ ಮೇಲೆ ಕೊಡೆ ಕಂಡರೆ ಸತ್ತವನು ಅಧಿಕಾರವಿದ್ದವನು, ಕಾಳಗ ಅರಸರ ಮಟ್ಟದ್ದು. ದೊಡ್ಡ ರಾಜರ ಯುದ್ಧಕ್ಕಿಂತ ಹತ್ತು ದನಕ್ಕಾಗಿ ಸತ್ತವನ ಕಲ್ಲು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುತ್ತದೆ. ಆ ಹತ್ತು ದನವೇ ಒಂದು ಊರಿನ ಉಳುಮೆ, ಹಾಲು, ಗೊಬ್ಬರ. ಸತ್ತವನ ಮನೆಯವರಿಗೆ ಕೊಟ್ಟ ಹೊಲಕ್ಕೆ ನೆತ್ತರುಗೊಡಗೆ, ಬಾಳ್ಗಳ್ಚು ಎಂಬ ಹೆಸರುಗಳಿವೆ. ನೆತ್ತರಿಗೆ ಕೊಟ್ಟದ್ದು, ಕತ್ತಿ ತೊಳೆದು ಕೊಟ್ಟದ್ದು.

ಪಕ್ಕದಲ್ಲೇ ಒಂದು ಕಂಬದಿಂದ ಹೊರಟ ತೋಳು, ಎತ್ತಿದ ಕೈ, ಬಳೆ ಕಂಡರೆ ಅದು ಮಾಸ್ತಿಕಲ್ಲು. ಗಂಡನೊಂದಿಗೆ ಬೆಂದ ಹೆಣ್ಣಿನದು. ಅದಕ್ಕೆ ಈಗಲೂ ಅರಿಶಿನ, ಕುಂಕುಮ, ಹಸಿರು ಬಳೆ ಏರಿಸುವವರಿದ್ದಾರೆ. ಚಪ್ಪಲಿ ಬಿಟ್ಟು ಹತ್ತಿರ ಹೋಗಿ.

ಅಕ್ಷರಗಳು ಅಂತಸ್ತುಗಳ ನಡುವಿನ ಪಟ್ಟಿಯಲ್ಲಿರುತ್ತವೆ. ಬಿಸಿಲು ಕಲ್ಲಿನ ಮುಖಕ್ಕೆ ನೇರ ಬಿದ್ದಾಗ ಅಕ್ಷರ ಕಾಣುವುದು ಕಷ್ಟ, ಏಕೆಂದರೆ ಆಗ ಗೀರಿನೊಳಗೆ ನೆರಳೇ ಇರುವುದಿಲ್ಲ. ಕಲ್ಲಿನ ಮುಖ ಯಾವ ಕಡೆಯೆಂದು ನೋಡಿಕೊಂಡು, ಅದರ ಮೈಗೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋಗಿ. ಕಲ್ಲು ಬಡಗಣಕ್ಕೆ ಮುಖ ಮಾಡಿದ್ದರೆ ವರ್ಷದ ಬಹುಕಾಲ ಬಿಸಿಲೇ ತಾಗದು. ಆಗ ಟಾರ್ಚೇ ಗತಿ. ಒಬ್ಬರು ಕಂಬಳಿ ಹಿಡಿದು ಕಲ್ಲಿಗೆ ನೆರಳು ಮಾಡಿ, ಇನ್ನೊಬ್ಬರು ಟಾರ್ಚನ್ನು ಕಲ್ಲಿನ ಮೈಗೆ ಹೆಚ್ಚುಕಡಿಮೆ ಒರಗಿಸಿದಂತೆ ಹಿಡಿದು ಬೆಳಕು ಹಾಯಿಸಿ. ಮೊಬೈಲನ್ನು ಸ್ಟ್ಯಾಂಡಿಗೆ ಕೂರಿಸಿ ಅಲ್ಲಾಡಿಸದೆ ನಾಲ್ಕು ಫೋಟೋ: ಬೆಳಕು ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ. ಬೆಳಕು ಬಂದ ದಿಕ್ಕಿಗೆ ಹೊಂದಿ ಹೋಗುವ ಗೀರು ಮಾಯವಾಗುತ್ತದೆ, ಅಡ್ಡ ಬಿದ್ದದ್ದು ಎದ್ದು ಕಾಣುತ್ತದೆ. ನಮ್ಮ ಅಕ್ಷರ ದುಂಡಗಿರುವುದರಿಂದ ಒಂದೇ ಫೋಟೋದಲ್ಲಿ ಅರ್ಧ ಅಕ್ಷರ ಮಾತ್ರ ಸಿಗುತ್ತದೆ, 'ಪ'ವೋ 'ವ'ವೋ 'ಮ'ವೋ ಎಂಬ ಗೊಂದಲ ಅಲ್ಲಿಂದಲೇ ಹುಟ್ಟುವುದು. ಚೌಕಟ್ಟಿನ ಮೂಲೆಯಲ್ಲಿ 30 ಸೆಂ.ಮೀ ಸ್ಕೇಲು ಇಟ್ಟಿರಿ. ಇಡೀ ಕಲ್ಲಿನದು, ಒಂದೊಂದು ಅಂತಸ್ತಿನದು, ಎರಡೂ ಪಕ್ಕದ್ದು, ಬೆನ್ನಿನದು, ಮತ್ತೆ ಹತ್ತು ಹೆಜ್ಜೆ ಹಿಂದೆ ಸರಿದು ಸುತ್ತಲಿನದು, ಇಷ್ಟು ಫೋಟೋ ಬೇಕೇ ಬೇಕು.

ಮಾಡಬಾರದ್ದು: ಸೀಮೆಸುಣ್ಣ ತಿಕ್ಕುವುದು, ಹಿಟ್ಟು ತುಂಬುವುದು, ಎಣ್ಣೆ ಸವರುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು. ಲಕ್ಕುಂಡಿ, ಗದಗ ಕಡೆಯ ಗುಡಿಗಳಲ್ಲಿ ಕಾಣುವ ಬಳಪದ ಕಲ್ಲು ಮೆತ್ತಗೆ, ಉಗುರಿಗೂ ಗೀರು ಬೀಳುತ್ತದೆ. ಸೀಮೆಸುಣ್ಣದ ಪುಡಿ ಕಲ್ಲಿನ ಸಣ್ಣ ರಂಧ್ರದೊಳಗೆ ಹೋಗಿ ಕೂತರೆ ತೊಳೆದರೂ ಬರದು. ಅದಕ್ಕಿಂತ ಕೆಟ್ಟದ್ದೆಂದರೆ, ಸುಣ್ಣ ಹಚ್ಚುವವರು ತಾವು ಅಕ್ಷರ ಎಂದು ತಿಳಿದದ್ದನ್ನೇ ತುಂಬುತ್ತಾರೆ, ಮುಂದೆ ಬಂದವರು ಆ ತಪ್ಪನ್ನೇ ಓದುತ್ತಾರೆ. ಎರಡಿಂಚಿನ ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಧೂಳು ಕೊಡವಿ, ಅಷ್ಟೇ ಸಾಕು. ಊರವರು ಪೂಜೆ ಮಾಡುವ ಕಲ್ಲಾದರೆ ಅದನ್ನೂ ಕೇಳಿಯೇ ಮಾಡಿ.

ತೇದಿಯ ಲೆಕ್ಕ ಕಲಿತರೆ ಅರ್ಧ ಶಾಸನ ಕೈಗೆ ಬಂದಂತೆ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ, ವರ್ಷದ ಕೊನೆಯ ತಿಂಗಳುಗಳಾದರೆ 79 ಕೂಡಿಸಿ. ಆದರೆ ಶಕವರ್ಷವನ್ನು ಕಳೆದದ್ದೆಂದು ಎಣಿಸಿದರೋ ನಡೆಯುತ್ತಿರುವುದೆಂದು ಎಣಿಸಿದರೋ ಎಂಬುದರಲ್ಲಿ ಒಂದು ವರ್ಷ ಆಚೀಚೆ ಆಗುತ್ತದೆ. ಅದನ್ನು ಸಂವತ್ಸರದಿಂದ ತಾಳೆ ನೋಡಬೇಕು. ಗದಗಿನ ತ್ರಿಕೂಟೇಶ್ವರ ಗುಡಿಯಲ್ಲಿ ಹೊಯ್ಸಳ ವೀರಬಲ್ಲಾಳನ ಶಾಸನವಿದೆ: ಶಕ 1114, ಪರಿಧಾವಿ ಸಂವತ್ಸರ. 78 ಕೂಡಿಸಿದರೆ 1192. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. 1972-73ರಲ್ಲಿ ಪರಿಧಾವಿ ಇತ್ತು, ಅದರಿಂದ ಹದಿಮೂರು ಸುತ್ತು ಹಿಂದೆ, ಅಂದರೆ 780 ವರ್ಷ ಕಳೆದರೆ 1192. ತಾಳೆಯಾಯಿತು.

ಅದೇ ಶಾಸನ ದೇವಗಿರಿಯ ಸೇವುಣರ ಅರಸ ಭಿಲ್ಲಮನ ಬಲಗೈಯಂತಿದ್ದ ಜೈತ್ರಸಿಂಹನನ್ನು ಬಲ್ಲಾಳ ಮುರಿದ ಸಂಗತಿ ಹೇಳುತ್ತದೆ. ಆ ಯುದ್ಧಸರಣಿಯ ಎರಡು ಊರುಗಳು ಗದಗದ ಆಸುಪಾಸಿನಲ್ಲೇ ಇವೆ, ಸೊರಟೂರು ಮತ್ತು ಲೊಕ್ಕಿಗುಂಡಿ, ಅಂದರೆ ಇಂದಿನ ಲಕ್ಕುಂಡಿ. ಸೊರಟೂರಿನಲ್ಲಿ ರಣಭೂಮಿಯ ಗುರುತು ಹುಡುಕಿ ಹೊರಟವರು ಬೇಸರಪಟ್ಟು ಬರುತ್ತಾರೆ. ಹುಡುಕಬೇಕಾದದ್ದು ನೀರನ್ನು. ಭಿಲ್ಲಮನ ಕಡೆ ಎರಡು ಲಕ್ಷ ಕಾಲಾಳು, 12,000 ಕುದುರೆ ಇದ್ದವು ಎನ್ನುವುದು ಹೊಯ್ಸಳರ ಮಾತು. ಗೆದ್ದವರ ಮಾತು, ಹಿಗ್ಗಿಸಿ ಹೇಳಿದ್ದೇ ಇರಬೇಕು. ಆದರೂ ಲೆಕ್ಕ ಹಾಕಿ: ಒಂದು ಕುದುರೆಗೆ ದಿನಕ್ಕೆ ಕಡಿಮೆಯೆಂದರೂ 30 ಲೀಟರ್ ನೀರು. 12,000 ಕುದುರೆಗೆ 3,60,000 ಲೀಟರ್, ಆಳುಗಳದ್ದು ಬೇರೆ. ಹೊಳೆಯಿಲ್ಲದ ಸೀಮೆಯಲ್ಲಿ ಇಷ್ಟು ನೀರು ಎಲ್ಲಿಂದ? ಕೆರೆ, ಬಾವಿ. ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲಿಳಿದು ನಿಂತು, ಇಂಥ ಊರನ್ನು ಹಿಡಿಯಲು ದಂಡುಗಳು ಯಾಕೆ ಮತ್ತೆ ಮತ್ತೆ ಬಂದವೆಂದು ನೋಡಿ. ಶಿಲ್ಪದಷ್ಟೇ ನೀರೂ ಅದಕ್ಕೆ ಕಾರಣ.

ಹಾನಗಲ್ಲಿನಲ್ಲೂ ಬಲ್ಲಾಳನೇ. 1196ರಲ್ಲಿ ಅವನು ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಕದಂಬ ಕಾಮದೇವನ ದಂಡನಾಯಕ ಸೋಹಣಿ ಎದುರು ನಿಂತು ಆ ಹೊತ್ತಿಗೆ ಹಿಮ್ಮೆಟ್ಟಿಸಿದ, ತಾನು ಸತ್ತ. ತಾರಕೇಶ್ವರ ಗುಡಿಗೆ ಬಂದವರೆಲ್ಲ ಒಳಗಿನ ಕಮಲದ ಭುವನೇಶ್ವರಿಯನ್ನು, ಅಂದರೆ ಕೆತ್ತನೆಯ ಛಾವಣಿಯನ್ನು, ತಲೆಯೆತ್ತಿ ನೋಡಿ ಹೊರಡುತ್ತಾರೆ. ಆವರಣದಲ್ಲಿರುವ ವೀರಗಲ್ಲುಗಳಿಗೆ ಒಂದು ಗಂಟೆ ಇಡಿ, ಆಮೇಲೆ ಧರ್ಮಾ ಹೊಳೆಯ ಕಡೆ ನಡೆದು ಹಳೆಯ ಕೋಟೆಯ ಮಣ್ಣಿನ ದಿಬ್ಬಗಳನ್ನು ಹುಡುಕಿ. ಹಾವೇರಿಯ ಸಿದ್ಧೇಶ್ವರ ಗುಡಿಯ ತೋಟದಲ್ಲೂ ಒಳ್ಳೆಯ ವೀರಗಲ್ಲುಗಳಿವೆ. ಹೊಸಬರು ಓದಲು ಕಲಿಯುವುದಕ್ಕೆ ಅದೇ ಸರಿಯಾದ ಜಾಗ: ನೆರಳಿದೆ, ಕಲ್ಲುಗಳು ನೆಟ್ಟಗೆ ನಿಂತಿವೆ, ಊರಿನ ನಡುವೆಯೇ ಇದೆ. ಶಾಸನಗಳ ಪಾಠ ಮೊದಲೇ ಓದಿಕೊಂಡು ಹೋಗಬೇಕೆಂದರೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18, 20ನೆಯ ಸಂಪುಟಗಳು ಹಿಂದೆ ಮುಂಬೈ ಕರ್ನಾಟಕ ಎನ್ನುತ್ತಿದ್ದ ನಮ್ಮ ಸೀಮೆಯವು, ಪಾಠ ಕನ್ನಡ ಲಿಪಿಯಲ್ಲೇ ಅಚ್ಚಾಗಿದೆ.

ಧಾರವಾಡದ ಕೋಟೆಯಲ್ಲಿ ಇಂದು ನೋಡಲು ಸಿಗುವುದು ಮುಖ್ಯವಾಗಿ ಬಾಗಿಲು. ಹಾಗಾಗಿ ಹತ್ತು ನಿಮಿಷದಲ್ಲಿ ಮುಗಿಸುವವರೇ ಹೆಚ್ಚು. ಆದರೆ ಮೂರನೆಯ ಮೈಸೂರು ಯುದ್ಧದಲ್ಲಿ ಟೀಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್ ಇದೇ ಕೋಟೆಯನ್ನು ಆರು ತಿಂಗಳಿಗೂ ಮೀರಿ ಹಿಡಿದು ನಿಂತ. ಹೊರಗೆ ಪರಶುರಾಮ ಭಾವೂ ಪಟವರ್ಧನನ ಮರಾಠಾ ದಂಡು, ಜತೆಗೆ ಕ್ಯಾಪ್ಟನ್ ಲಿಟಲ್‌ನ ಮುಂಬೈ ತುಕಡಿ. ಕರ್ನಲ್ ಫ್ರೆಡರಿಕ್ ಹೆಚ್ಚಿನ ಪಡೆ ತಂದು, ಫೆಬ್ರುವರಿಯಲ್ಲಿ ಏರಿಹೋದದ್ದು ಕೈಗೂಡಲಿಲ್ಲ. ಮಾರ್ಚಿನಲ್ಲಿ ಅವನೇ ತೀರಿಕೊಂಡ. ಯಾಕೆ ಅಷ್ಟು ದಿನ ಹಿಡಿಯಿತು? ಲಿಟಲ್‌ನ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಕಣ್ಣಾರೆ ಕಂಡದ್ದನ್ನು ಬರೆದಿದ್ದಾನೆ: ತೋಪಿಗೆ ಮದ್ದು ತುಂಬಿದ ಮೇಲೆ ಮರಾಠಾ ಗೋಲಂದಾಜರು, ಅಂದರೆ ತೋಪು ಹಾರಿಸುವವರು, ಅರ್ಧ ಗಂಟೆ ಮಾತಾಡುತ್ತ, ಸೇದುತ್ತ ಕೂತಿರುತ್ತಿದ್ದರು; ಆಮೇಲೆ ಒಂದು ಗುಂಡು. ಗೋಡೆಯಿಂದ ಒಳ್ಳೆ ಧೂಳೆದ್ದರೆ ಸಾಕು, ಮತ್ತೆ ಮದ್ದು, ಮತ್ತೆ ಮಾತು. ಮಧ್ಯಾಹ್ನ ಒಂದರಿಂದ ಮೂರರ ತನಕ ಎರಡೂ ಕಡೆಯವರು ಊಟಕ್ಕೆಂದು ಗುಂಡು ಹಾರಿಸುವುದನ್ನೇ ನಿಲ್ಲಿಸುತ್ತಿದ್ದರಂತೆ. ಇದು ಮಿತ್ರದಂಡಿನ ಮೇಲೆ ಸಿಟ್ಟಾಗಿದ್ದ ಇಂಗ್ಲಿಷ್ ಅಧಿಕಾರಿಯ ಮಾತು ಎನ್ನುವುದನ್ನು ಮರೆಯಬಾರದು. ಆದರೆ ಗೋಡೆ ಒಡೆಯಬೇಕಾದರೆ ಒಂದೇ ಜಾಗಕ್ಕೆ ಬಿಡದೆ ಹೊಡೆಯಬೇಕು. ಬಿಡುವು ಕೊಟ್ಟರೆ ಒಳಗಿನವರು ರಾತ್ರೋರಾತ್ರಿ ಬಿರುಕು ತುಂಬುತ್ತಾರೆ. ಬಾಗಿಲಿಗೆ ಬೆನ್ನು ಮಾಡಿ ಹೊರಗೆ ಮುನ್ನೂರು, ನಾನ್ನೂರು ಮೀಟರ್ ನಡೆದು ತಿರುಗಿ ನೋಡಿ. ಗೋಡೆ ಒಡೆಯುವ ತೋಪನ್ನು ಸುಮಾರು ಆ ದೂರಕ್ಕೆ ತರಬೇಕಾಗಿತ್ತು. ಈಗ ಅಲ್ಲಿ ಮನೆ, ಅಂಗಡಿ. ಆದರೂ ಏರಿಳಿತ ಕಾಲಿಗೆ ತಿಳಿಯುತ್ತದೆ.

ನರಗುಂದಕ್ಕೆ ಒಂದು ಪೂರ್ತಿ ದಿನ ಕೊಡಿ. ಹುಬ್ಬಳ್ಳಿಯಿಂದ ನವಲಗುಂದದ ಮೇಲೆ ಸುಮಾರು 55 ಕಿ.ಮೀ, ವಿಜಯಪುರದ ಕಡೆ ಹೋಗುವ ಬಸ್ಸುಗಳು ಸಿಗುತ್ತವೆ. ಬೆಳಗ್ಗೆ ಆರಕ್ಕೆ ಗುಡ್ಡದ ಬುಡದಲ್ಲಿರಬೇಕು. ಗುಡ್ಡ ಬೋಳು, ಬಂಡೆ ಒಂಬತ್ತು ಗಂಟೆಗೆಲ್ಲ ಕಾಯುತ್ತದೆ. ತಲೆಗೆ ಎರಡು ಲೀಟರ್ ನೀರು ಹೊತ್ತೇ ಹೋಗಿ, ಮೇಲೆ ಕುಡಿಯಲು ಸಿಗುತ್ತದೆಂದು ನಂಬಬೇಡಿ. ಇಳಿಯುವಾಗ ಗರಸಿನ ಮೇಲೆ ಕಾಲು ಜಾರುವುದು ಏರುವಾಗಿನದಕ್ಕಿಂತ ಹೆಚ್ಚು. ಬಂಡೆಸಂದಿಗೆ ಕೈಹಾಕಬೇಡಿ, ಹಾವು ಚೇಳು ಇರುತ್ತವೆ. ಕೋಲಿನಿಂದ ತಟ್ಟುತ್ತ ನಡೆಯಿರಿ.

ಮೇಲೆ ನಿಂತಾಗ ನೋಡಬೇಕಾದದ್ದು ಕೋಟೆಯ ಗೋಡೆಯನ್ನಲ್ಲ, ಕೆಳಗಿನ ಬಯಲನ್ನು. ದತ್ತಕಕ್ಕೆ ಬ್ರಿಟಿಷರ ಒಪ್ಪಿಗೆ ಸಿಗದೆ, ಆಯುಧ ಒಪ್ಪಿಸಬೇಕೆಂಬ ಹುಕುಮಿಗೆ ಕುದಿದಿದ್ದ ನರಗುಂದದ ದೊರೆ ಬಾಬಾಸಾಹೇಬ, ಅಂದರೆ ಭಾಸ್ಕರರಾವ್ ಭಾವೆ, 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಲ್ಲಿಸಿದ. ರುಂಡವನ್ನು ನರಗುಂದಕ್ಕೆ ತಂದು ಅಗಸಿಗೆ ತೂಗುಹಾಕಿದರು. ಊರವರ ಬಾಯಲ್ಲಿ ಅದು ಕೆಂಪಗಸಿ. ಜೂನ್ 1ಕ್ಕೆ ಕರ್ನಲ್ ಮಾಲ್ಕಮ್ ಕುದುರೆ ದಂಡಿನೊಂದಿಗೆ ಬಂದ. ಕಾಳಗ ನಡೆದದ್ದು ಗುಡ್ಡದ ಮೇಲಲ್ಲ, ಊರ ಹೊರಗಿನ ಈ ಬಯಲಿನಲ್ಲಿ. ಮುಂಗಾರು ಹಿಡಿಯುವ ಮೊದಲಿನ ಗಟ್ಟಿ ನೆಲ, ಮರೆಯಾಗಲು ಒಂದು ಗಿಡವಿಲ್ಲ; ಕುದುರೆ ಸವಾರನಿಗೆ ಇದಕ್ಕಿಂತ ಅನುಕೂಲದ ಜಾಗವಿಲ್ಲ, ಕಾಲಾಳಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಇನ್ನು ಎರಡು ವಾರ ಮಳೆ ಬಿದ್ದ ಮೇಲೆ ಇದೇ ನೆಲದಲ್ಲಿ ಕುದುರೆ ಹೂತುಹೋಗುತ್ತಿತ್ತು. ಮೇಲಿನಿಂದ ಆ ಬಯಲು ಕಾಣುವಾಗ ಇದು ಹೇಳಿಸಿಕೊಳ್ಳದೆ ತಿಳಿಯುತ್ತದೆ. ಮರುದಿನ ಕೋಟೆ ಬ್ರಿಟಿಷರ ಕೈಗೆ ಹೋಯಿತು. ಪಂಢರಪುರದ ದಾರಿ ಹಿಡಿದಿದ್ದ ಬಾಬಾಸಾಹೇಬ ಸಿಕ್ಕಿಬಿದ್ದು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದ. ತಾಯಿ ಯಮುನಾಬಾಯಿ, ಹೆಂಡತಿ ಸಾವಿತ್ರಿಬಾಯಿ ಮಲಪ್ರಭೆಯ ಪಾಲಾದರು. ಅವರಿಬ್ಬರಿಗೆ ಮಾಸ್ತಿಕಲ್ಲೂ ಇಲ್ಲ, ಗೋರಿಯೂ ಇಲ್ಲ. ಗುಡ್ಡ ಏರಿದವರು ಆ ಹೆಸರುಗಳನ್ನೂ ನೆನೆಯಬೇಕು.

ಕಿತ್ತೂರು ಬೆಳಗಾವಿ ಜಿಲ್ಲೆಯದ್ದಾದರೂ ಧಾರವಾಡದಿಂದ 32 ಕಿ.ಮೀ ಅಷ್ಟೆ. ಅದನ್ನು ಧಾರವಾಡದಿಂದಲೇ ಶುರು ಮಾಡಬೇಕು, ಏಕೆಂದರೆ 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಗುಂಡಿಗೆ ಬಲಿಯಾದ ಥ್ಯಾಕರೆ ಧಾರವಾಡದ ಕಲೆಕ್ಟರ್, ಅವನ ಸ್ಮಾರಕ ಕಂಬ ಧಾರವಾಡದಲ್ಲಿದೆ. ಅದನ್ನು ನೋಡಿ, ಕಿತ್ತೂರಿನ ಅರಮನೆಯ ಪಾಯದ ನಡುವೆ ನಡೆದು, ಬೈಲಹೊಂಗಲದ ಚೆನ್ನಮ್ಮನ ಸಮಾಧಿಗೆ ಹೋದರೆ ಒಂದೇ ದಿನದಲ್ಲಿ ಎರಡೂ ಕಡೆಯ ಸತ್ತವರ ಮುಂದೆ ನಿಂತಂತಾಗುತ್ತದೆ. ಅಕ್ಟೋಬರ್ 23ರ ಉತ್ಸವದ ದಿನಗಳಲ್ಲಿ ಜನಜಾತ್ರೆ. ಕಲ್ಲು ನೋಡಬೇಕೆಂದರೆ ಆ ವಾರ ಬಿಡಿ.

ಬ್ರಿಟಿಷರ ಕಾಲದ ಸ್ಮಶಾನಗಳಿಗೆ ಹೋಗುವಾಗ ಮೊದಲು ಆ ಊರಿನ ಚರ್ಚಿನಲ್ಲಿ ಕೇಳಿ, ಬೀಗದ ಕೈ ಅಲ್ಲೇ ಸಿಗುವುದು ಹೆಚ್ಚು. ಗೋರಿಯ ಮೇಲೆ ಕೂರುವುದು, ಬ್ಯಾಗಿಡುವುದು, ಬುತ್ತಿ ಬಿಚ್ಚುವುದು ಬೇಡ. ಅಮೃತಶಿಲೆಯ ಹಲಗೆಗೆ ಸೀಸದ ಅಕ್ಷರ ಕೂರಿಸಿದ ಗೋರಿಗಳಲ್ಲಿ ಸೀಸ ಉದುರಿಹೋಗಿ ಹಲಗೆ ಖಾಲಿ ಕಾಣುತ್ತದೆ. ಖಾಲಿಯಲ್ಲ: ಅಕ್ಷರ ಹಿಡಿದಿಡಲು ಕೊರೆದ ಸೂಜಿಮೊನೆಯಂಥ ತೂತುಗಳು ಸಾಲಾಗಿ ಉಳಿದಿರುತ್ತವೆ. ಓರೆ ಬೆಳಕಿನಲ್ಲಿ ಫೋಟೋ ತೆಗೆದು, ತೂತುಗಳನ್ನು ಪೆನ್ಸಿಲಿನಿಂದ ಕಾಗದದ ಮೇಲೆ ಜೋಡಿಸಿದರೆ ಹೆಸರು ಮೂಡುತ್ತದೆ. ಇಪ್ಪತ್ತನೆಯ ಶತಮಾನದ ಸೈನಿಕ ಸ್ಮಶಾನ ನೋಡಬೇಕೆಂದರೆ ಹುಬ್ಬಳ್ಳಿಯಿಂದ ರಾತ್ರಿ ರೈಲು ಹಿಡಿದು ಪುಣೆಯ ಖಡಕಿಗೆ ಹೋಗಿ. ಎರಡನೆಯ ಮಹಾಯುದ್ಧದ 1,600ಕ್ಕೂ ಹೆಚ್ಚು ಗೋರಿಗಳು. ಕರ್ನಲ್ ಇರಲಿ, ಸಿಪಾಯಿ ಇರಲಿ, ಹುದ್ದೆ ನೋಡಿ ಕಲ್ಲಿನಲ್ಲಿ ಭೇದ ಮಾಡಿಲ್ಲ. ನಮ್ಮ ವೀರಗಲ್ಲಿನಲ್ಲಿ ಕೊಡೆ, ಕುದುರೆಯಿಂದ ಅಂತಸ್ತು ತಿಳಿದು ಬಂದವರಿಗೆ ಆ ಸಾಲು ಬೇರೆಯದೇ ಲೋಕ.

ಕಾನೂನಿನ ಎರಡು ಮಾತು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಹೊಲದಲ್ಲಿ ಗುಂಡು, ನಾಣ್ಯ, ಕತ್ತಿಯ ಚೂರು ಸಿಕ್ಕರೆ ಕಿಸೆಗೆ ಹಾಕಬೇಡಿ. ಸಿಕ್ಕ ಜಾಗದಿಂದ ಎತ್ತಿದ ಕ್ಷಣ ಅದು ಬರೀ ಕಬ್ಬಿಣ. ಎಲ್ಲಿ, ಎಷ್ಟು ಆಳದಲ್ಲಿ ಬಿದ್ದಿತ್ತು ಎನ್ನುವುದೇ ಅದರ ಮಾತು.

ಹಳ್ಳಿಗಳಲ್ಲಿ ರಸ್ತೆ ಏರಿಸಿದಂತೆಲ್ಲ ವೀರಗಲ್ಲುಗಳು ಹೂತುಹೋಗುತ್ತಿವೆ. ಅಪ್ಸರೆಯರು ನೆಲಮಟ್ಟದಲ್ಲಿ ಕಂಡರೆ ಕಾಳಗದ ಅಂತಸ್ತು ಮಣ್ಣಿನೊಳಗಿದೆ ಎಂದರ್ಥ. ಅಂಥ ಕಲ್ಲು ಸಿಕ್ಕಾಗ ಗುದ್ದಲಿ ಹಿಡಿಯಬೇಡಿ. ತಳ ಸಡಿಲಾದರೆ ಕಲ್ಲು ವಾಲುತ್ತದೆ, ವಾಲಿದ ಕಲ್ಲು ಮುಂದಿನ ಮಳೆಗೆ ಬಿದ್ದು ನಡು ಮುರಿಯುತ್ತದೆ. ಕಾಣುವ ಭಾಗದ ಎತ್ತರ, ಅಗಲ, ದಪ್ಪ ಅಳೆದು, ಯಾವ ದಿಕ್ಕಿಗೆ ಮುಖ ಎಂದು ಬರೆದು, ಫೋಟೋದೊಂದಿಗೆ ಧಾರವಾಡದ ಪುರಾತತ್ವ ಸರ್ವೇಕ್ಷಣ ಕಚೇರಿಗೋ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಗೋ ತಲುಪಿಸಿ. ಕಲ್ಲು ಬಿಡಿಯಾಗಿ ಬಿದ್ದಿದ್ದರೆ ನಿಖರ ಜಾಗವನ್ನು ಇಂಟರ್ನೆಟ್ಟಿಗೆ ಹಾಕಬೇಡಿ, ಕದ್ದೊಯ್ಯುವವರು ಅದನ್ನೇ ಕಾಯುತ್ತಿರುತ್ತಾರೆ. ಊರಿನ ಹೆಸರು ಸಾಕು. ಆ ಮಣ್ಣಿನೊಳಗಿನ ಪಟ್ಟಿಯಲ್ಲಿ ದನಗಳ ಸಾಲಿದೆಯೋ ಕುದುರೆಯಿದೆಯೋ ಎಂಬುದನ್ನು, ಬಲ್ಲವರು ಬಂದು ಆಧಾರ ಕೊಟ್ಟು ಎತ್ತಿ ನಿಲ್ಲಿಸಿದ ದಿನ ಮತ್ತೆ ಹೋಗಿ ನೋಡಿ.